ನನ್ನ ತಲೆಗೊಂದು ಹೋಂಬರ್ಗ್

ನಮ್ಮೂರಿನಲ್ಲಿ ಎಲ್ಲರೂ ನನ್ನನ್ನು ತ್ರಿವಿ ಎಂದು ಕರೆಯುತ್ತಾರೆ. ಮುದ್ದಿನಿಂದಲ್ಲ. ನನ್ನ ಪೂರ್ತಿ ಹೆಸರು ತ್ರಿವಿಕ್ರಮರಾವ್. ಶಾಲೆಗೆ ಸೇರಿದ ದಿನ ಮೇಷ್ಟ್ರು ಅಂಗಳದಲ್ಲಿ ನಿಲ್ಲಿಸಿ ಹೆಸರು ಕೇಳಿದರು. ನಾನು ‘ತ್ರಿವಿ’ ಎನ್ನುವಷ್ಟರಲ್ಲಿ ತಲೆಯ ಮೇಲಿನ ಟೋಪಿ ಜಾರಿ ನೆಲಕ್ಕೆ ಬಿತ್ತು. ಉಳಿದ ‘ಕ್ರಮರಾವ್’ ಅವರಿಗೆ ಕೇಳಿಸಲಿಲ್ಲ. ಕೇಳಿಸಿದಷ್ಟನ್ನು ಬರೆದುಕೊಂಡರು. ಒಬ್ಬ ಮನುಷ್ಯನಿಗೆ ಅಷ್ಟು ಹೆಸರು ಧಾರಾಳವಾಯಿತು ಎಂದು ಊರೂ ಒಪ್ಪಿಕೊಂಡಿತು. ಎದುರಿಗೆ ಸಿಕ್ಕಾಗ ಮಾತ್ರ ಅಪ್ಪನ ಮರ್ಯಾದೆಗೆ ‘ರಾಯರೇ’ ಎನ್ನುತ್ತಾರೆ.

ಹೊಸಬರಿಗೆ ನಮ್ಮೂರಿನ ಬಗ್ಗೆ ತಿಳಿಸಬೇಕಾದದ್ದು ಇದೊಂದೇ: ಇಲ್ಲಿ ಬರಿದಲೆಯವರ ಮಾತು ಯಾರಿಗೂ ಕೇಳಿಸುವುದಿಲ್ಲ. ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೆ. ಮನೆಯೊಳಗಾದರೆ ಟವೆಲ್ಲು, ಸೆರಗು, ಮಫ್ಲರು, ತಲೆ ಮುಚ್ಚುವ ಯಾವ ಬಟ್ಟೆಯಾದರೂ ನಡೆಯುತ್ತದೆ. ಹೊಸ್ತಿಲು ದಾಟಿದ ಮೇಲೆ ಮಾತ್ರ ಟೋಪಿಯೇ ಆಗಬೇಕು. ಪೇಟ ಹೊಲಿದದ್ದಾದರೆ ಟೋಪಿಯ ಲೆಕ್ಕ, ಸುತ್ತಿದ್ದಾದರೆ ಬಟ್ಟೆಯ ಲೆಕ್ಕ. ಕೊಡೆ ಯಾವ ಲೆಕ್ಕಕ್ಕೂ ಇಲ್ಲ. ಹೂವು ಮಾರುವ ಹೆಂಗಸರು ಸೆರಗಿನ ಮೇಲೆ ಹುಲ್ಲಿನ ಟೋಪಿ ಇಟ್ಟುಕೊಂಡು ಕೂಗುತ್ತಾರೆ. ಕಳ್ಳರು ಮೊದಲು ಟೋಪಿ ಕದಿಯುತ್ತಾರೆ, ಆಮೇಲೆ ಉಳಿದದ್ದನ್ನು ನಿಧಾನವಾಗಿ. ಸಂಸಾರಸ್ಥರು ಸಿಟ್ಟು ಬಂದಾಗ ತಲೆಯ ಮೇಲಿದ್ದುದನ್ನು ತೆಗೆದು ಮೊಳೆಗೆ ಹಾಕಿ, ಮನಸ್ಸು ತಣಿಯುವ ತನಕ ಬೈದುಕೊಂಡು, ಮತ್ತೆ ಹಾಕಿಕೊಂಡು ‘ಊಟಕ್ಕೆ ಏನು’ ಎಂದು ಕೇಳುತ್ತಾರೆ. ನಮ್ಮೂರಿನ ದಾಂಪತ್ಯಗಳು ಗಟ್ಟಿ ಎಂದು ಸುತ್ತಲಿನ ಊರುಗಳಲ್ಲಿ ಹೆಸರಿದೆ.

ನನ್ನ ಕಷ್ಟ ತಲೆಯದು. ಅದು ದೊಡ್ಡದು. ಬುದ್ಧಿವಂತ ಎನ್ನುವ ಅರ್ಥದಲ್ಲಲ್ಲ. ಕುಂಬಳಕಾಯಿ ದೊಡ್ಡದು ಎನ್ನುವ ಅರ್ಥದಲ್ಲಿ. ಅಪ್ಪನಿಂದ ಬಂದ ಆಸ್ತಿ ಅದೊಂದೇ. ಆದರೆ ಅಪ್ಪನಿಗೆ ಆ ತಲೆಗೆಂದೇ ಮಾಡಿಸಿದ ಒಂದು ಹೋಂಬರ್ಗ್ ಟೋಪಿಯಿತ್ತು: ಅದುಮಿದ ಉಣ್ಣೆಯ ಗಟ್ಟಿ ಬೂದು ಟೋಪಿ, ನೆತ್ತಿಯ ಮೇಲೆ ಉದ್ದಕ್ಕೆ ಒಂದೇ ಗುಳಿ, ಸುತ್ತ ರೇಷ್ಮೆಯ ಪಟ್ಟಿ, ಕಾದ ಹೆಂಚಿನ ಮೇಲಿಟ್ಟ ಹಪ್ಪಳದ ಹಾಗೆ ಮೇಲಕ್ಕೆ ಸುರುಳಿಯಾದ ಅಂಚು. ಅದನ್ನಿಟ್ಟುಕೊಂಡು ಅವರು ನಲವತ್ತು ವರ್ಷ ಯಾರಿಗೂ ಬಾಯಿ ತೆರೆಯಲು ಬಿಡದೆ ಮಾತಾಡಿದರು. ತೀರಿಕೊಂಡಾಗ ಟೋಪಿಯನ್ನು ಅವರ ಜತೆಗೇ ಚಿತೆಗೆ ಹಾಕಬೇಕೆಂದು ಮೊದಲೇ ಹೇಳಿದ್ದರು. ಮೇಲೆ ಹೋದ ಮೇಲೂ ಅವರಿಗೆ ಮಾತಾಡುವುದಿತ್ತು. ಮಗನಿಗೆ ಏನಾದರೂ ಹೇಳುವುದಿದ್ದೀತು ಎಂಬ ಸಂಶಯ ಅವರಿಗೆ ಬರಲಿಲ್ಲ.

ಹಾಗಾಗಿ ನಾನು ಊರವರೆಲ್ಲರಂತೆ ಸೀತಾಪತಿಯವರ ಟೋಪಿ ಭಂಡಾರದ ಗಿರಾಕಿಯಾದೆ. ಊರಿಗೆಲ್ಲ ಟೋಪಿ ಹಾಕುವ ಹಕ್ಕು ಅವರೊಬ್ಬರದು. ಅಂಗಡಿಯ ಬೋರ್ಡನ್ನು ಬರೆದವನು ನಾನೇ. ಮಾತು ಮುಗಿಯದವನಿಗೆ ಬೋರ್ಡು ಬರೆಯುವುದು ಹೇಳಿ ಮಾಡಿಸಿದ ಕಸುಬು. ಭಂಡಾರದಲ್ಲಿ ಸಿಗುವುದು ಮೂರು ಅಳತೆ: ಚಿಕ್ಕದು, ನಡುವಿನದು, ದೊಡ್ಡದು. ದೊಡ್ಡದು ನನ್ನ ನೆತ್ತಿಯ ಮೇಲೆ ಬೋರಲಾದ ಬಟ್ಟಲಿನ ಹಾಗೆ ಕೂತು, ನಾಲ್ಕೈದು ಮಾತು ಆಗುವಷ್ಟರಲ್ಲಿ ಜಾರುತ್ತದೆ. ಗದ್ದಕ್ಕೆ ದಾರ ಕಟ್ಟಿ ನೋಡಿದೆ. ಟೋಪಿ ನಿಂತಿತು, ಬಾಯಿ ತೆರೆಯಲಾಗಲಿಲ್ಲ. ಇದಕ್ಕಿಂತ ದೊಡ್ಡದು ತರಿಸಿಕೊಡಿ ಎಂದು ಸೀತಾಪತಿಯವರನ್ನು ಕೇಳಿದ್ದಕ್ಕೆ ಅವರು ಬಹಳ ಸಮಾಧಾನದಿಂದ ವಿವರಿಸಿದರು. “ರಾಯರೇ, ಟೋಪಿಯಲ್ಲಿ ಏನೂ ದೋಷ ಇಲ್ಲ. ಕಂಪನಿಯೋರು ಎಲ್ಲಾ ತಲೆ ಅಳೆದೇ ಮಾಡಿರೋದು. ತಪ್ಪು ಎಲ್ಲಿದೆ ಅಂತ ನೀವೇ ಯೋಚನೆ ಮಾಡಿ.” ನಾನು “ನನ್ನ ತಲೆಯನ್ನು ಯಾರೂ ಅಳೆದೇ” ಎನ್ನುವಷ್ಟರಲ್ಲಿ ಟೋಪಿ ಬಿತ್ತು. “ನೋಡಿ, ನೀವೇ ಒಪ್ಕೊಂಡ್ರಿ, ಅಳೆದೇ ಮಾಡಿರೋದು” ಎಂದು ಅವರು ಮುಂದಿನ ಗಿರಾಕಿಯತ್ತ ತಿರುಗಿದರು.

ಅರ್ಧ ವಾಕ್ಯಗಳಲ್ಲಿ ಬದುಕುವುದು ಅಭ್ಯಾಸವಾಗಿ ಹೋಗುತ್ತದೆ. ಹೋಟೆಲಿನಲ್ಲಿ ‘ಕಾಫಿ, ಸಕ್ಕರೆ ಬೇಡ’ ಎಂದರೆ ‘ಕಾಫಿ, ಸಕ್ಕರೆ’ ಬರುತ್ತದೆ, ಕುಡಿಯುತ್ತೇನೆ. ಜನ ಮೊದಲೆರಡು ಮಾತು ಕೇಳಿ, ಟೋಪಿ ಬಿದ್ದ ಕೂಡಲೇ ಉಳಿದದ್ದನ್ನು ತಮಗೆ ಬೇಕಾದಂತೆ ಊಹಿಸಿಕೊಂಡು ಹೊರಟುಹೋಗುತ್ತಾರೆ. ಹಾಗೆ ಹೊರಟುಹೋಗದೆ ಇದ್ದವರು ಒಬ್ಬರೇ: ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುವ ಮಂದಾಕಿನಿ. ಸ್ಟಾಂಪು ಕೊಡುವುದು ಅವರ ಕೆಲಸ. ನಾನು ಮಾತು ಶುರು ಮಾಡಿ, ಟೋಪಿ ಬಿದ್ದು, ಬಗ್ಗಿ ಎತ್ತಿ, ಧೂಳು ಕೊಡವಿ, ಮತ್ತೆ ಇಟ್ಟುಕೊಳ್ಳುವ ತನಕ ಅವರು ಕೈ ಕಟ್ಟಿ ಕಾಯುತ್ತಿದ್ದರು. ಸಾಲಿನಲ್ಲಿ ಹಿಂದಿದ್ದವರು ಗೊಣಗಿದರೆ, “ಅವರ ಮಾತು ಇನ್ನೂ ಮುಗಿದಿಲ್ಲ, ಸ್ವಲ್ಪ ಇರಿ” ಎನ್ನುತ್ತಿದ್ದರು. ನಾನು ದಿನಾ ಸ್ಟಾಂಪು ಕೊಳ್ಳತೊಡಗಿದೆ. ಕಾಗದ ಬರೆಯಲು ನನಗೆ ಯಾರೂ ಇರಲಿಲ್ಲ. ನನ್ನ ಮನೆಯ ಒಂದು ಗೋಡೆಯ ಮೇಲೆ ಸ್ಟಾಂಪು ಅಂಟಿಸಿಯಾದ ಮೇಲೆ ನನಗೇ ಸಂಗತಿ ಏನೆಂದು ಅರ್ಥವಾಯಿತು.

ಮಂದಾಕಿನಿಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಗಿನಿಂದ ಅವರಿದ್ದುದು ಅಣ್ಣನ ಮನೆಯಲ್ಲಿ. ಅಣ್ಣ ಎಂದರೆ ಟೋಪಿ ಭಂಡಾರದ ಸೀತಾಪತಿಯೇ. ನನ್ನ ಅದೃಷ್ಟ ಯಾವತ್ತೂ ಹೀಗೆ, ಅಚ್ಚುಕಟ್ಟು.

ಒಂದು ದಿನ ಧೈರ್ಯ ಮಾಡಿದೆ. ಅವರು ಮಧ್ಯಾಹ್ನದ ಊಟಕ್ಕೆಂದು ಕಚೇರಿಯ ಮೆಟ್ಟಿಲಿಳಿಯುತ್ತಿದ್ದಾಗ ಎದುರಿಗೆ ಹೋಗಿ ನಿಂತು, “ಮಂದಾಕಿನಿಯವರೇ, ನಾನು ನಿಮ್ಮನ್ನು ಮದು” ಎಂದೆ. ಗಾಳಿ ಬೀಸಿತು. ಟೋಪಿ ಉರುಳುತ್ತ ಹೋಗಿ ಎತ್ತಿನಗಾಡಿಯ ಗಾಲಿಗೆ ಸಿಕ್ಕಿ ರೊಟ್ಟಿಯಾಯಿತು. ಅವರು ಕೈ ಕಟ್ಟಿ ಕಾದರು. ಕಾಯುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು ಗೊತ್ತಾದ ಮೇಲೆ ತಮ್ಮ ಬುತ್ತಿಯನ್ನು ಎತ್ತಿಕೊಂಡು ಹೋದರು.

ಮರುದಿನ ಒಂದು ಹಾಳೆಯ ಮೇಲೆ ನನಗೆ ಗೊತ್ತಿರುವುದರಲ್ಲೇ ಅತ್ಯಂತ ಚೆಂದದ ಅಕ್ಷರಗಳಲ್ಲಿ, ನೆರಳು ಗಿರಳು ಎಲ್ಲ ಕೊಟ್ಟು, ವಾಕ್ಯ ಪೂರ್ತಿ ಮಾಡಿ ಕಿಟಕಿಯಲ್ಲಿ ಒಳಗೆ ತಳ್ಳಿದೆ. ಅವರು ಓದಿದರು. ಮಡಚಿ ಹಿಂದಕ್ಕೆ ಕೊಟ್ಟರು.

“ರಾಯರೇ, ನಾನು ದಿನಾ ಮೂಟೆಗಟ್ಟಲೆ ಕಾಗದ ನೋಡ್ತೀನಿ. ಕಾಗದದಲ್ಲಿ ಎಲ್ಲರೂ ಒಳ್ಳೆಯವರೇ. ಬರೆದು ಕೊಡೋದು ಅರ್ಜಿ. ನನಗೆ ಅರ್ಜಿ ಬೇಡ.”

ನಾನು ಹೊಸ ಟೋಪಿಯನ್ನು ಎರಡೂ ಕೈಯಲ್ಲಿ ನೆತ್ತಿಗೆ ಒತ್ತಿ ಹಿಡಿದುಕೊಂಡು, “ಹಾಗಾದ್ರೆ ಮನೆಗೆ ಬಂದು ಟವೆಲ್ ಸುತ್ಕೊಂಡು ಹೇಳ್ತೀನಿ” ಎಂದೆ. ಹಾಗೆ ಹಿಡಿದುಕೊಂಡರೆ ಮಾತು ಕೇಳಿಸುತ್ತದೆ, ಆದರೆ ನೆತ್ತಿಯ ಮೇಲೆ ಕೈ ಹೊತ್ತುಕೊಂಡು ಪ್ರೀತಿಯ ಮಾತಾಡುವವನು ಹೆಂಡತಿಯನ್ನು ಹುಡುಕುತ್ತಿರುವಂತೆ ಕಾಣುವುದಿಲ್ಲ, ಪೊಲೀಸರಿಗೆ ಶರಣಾಗುತ್ತಿರುವಂತೆ ಕಾಣುತ್ತಾನೆ.

ಅವರ ಮುಖ ಸ್ವಲ್ಪ ಗಟ್ಟಿಯಾಯಿತು. “ನಮ್ಮೆಜಮಾನ್ರೂ ನಾಲ್ಕು ಗೋಡೆ ಮಧ್ಯೆ ಟವೆಲ್ ಸುತ್ಕೊಂಡು ಎಷ್ಟು ಚೆನ್ನಾಗಿ ಮಾತಾಡೋರು ಗೊತ್ತಾ? ಹೊಸ್ತಿಲು ದಾಟಿ ಟೋಪಿ ಹಾಕಿದ ಮೇಲೆ, ನಾನು ಪಕ್ಕದಲ್ಲಿದ್ದೀನಿ ಅನ್ನೋದೇ ಅವರಿಗೆ ಮರೆತುಹೋಗ್ತಿತ್ತು. ಒಂದೇ ಒಂದು ಮಾತು, ನಾಲ್ಕು ಜನರ ಎದುರಿಗೆ... ಇಲ್ಲ. ನನಗೆ ಒಳಗಿನ ಮಾತು ಒಂದು ಸಲ ಆಗಿದೆ. ಹೇಳೋದಿದ್ರೆ ಹೊರಗೆ ನಿಂತು, ಕೈ ಕೆಳಗಿಟ್ಟು, ಪೂರ್ತಿ ಹೇಳಿ. ಕಾಯ್ತೀನಿ.”

ಕಾಯುತ್ತೇನೆ ಎಂದ ಮೇಲೆ ನನಗೆ ನೆಲ ಕಾಣಲಿಲ್ಲ. ನನ್ನ ತಲೆಗೆಂದೇ ಟೋಪಿ ಮಾಡುವವರನ್ನು ಹುಡುಕತೊಡಗಿದೆ, ಅಪ್ಪನದರಂಥ ಹೋಂಬರ್ಗನ್ನೇ. ಬೇರೆ ಟೋಪಿಗಳೆಲ್ಲ ಮೆತ್ತಗೆ. ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದು ಕೂತದ್ದು ನಾನು ಕಂಡ ಹಾಗೆ ಅದೊಂದೇ. ದರ್ಜಿಯ ಹತ್ತಿರ ಅಪ್ಪನ ಫೋಟೋ ಒಯ್ದೆ. ಅವನು ಫೋಟೋವನ್ನು ಬಹಳ ಹೊತ್ತು ನೋಡಿ, ಅಳತೆ ತೆಗೆದು, ಒಂದು ದಿಂಬಿನ ಚೀಲ ಹೊಲಿದುಕೊಟ್ಟ. ಅಂಚು ಎಲ್ಲಿ ಎಂದರೆ “ಇಲ್ಲಿ ಒಳಗೆ ಮಡಚಿದೀನಲ್ಲ ಸಾರ್” ಎಂದ. ಕಂಚುಗಾರ ಉತ್ಸಾಹದ ಮನುಷ್ಯ. ತಾಮ್ರದಲ್ಲಿ ಗುಳಿ, ಅಂಚು ಎಲ್ಲ ತೆಗೆದು ಒಂದು ಹೋಂಬರ್ಗ್ ಬಡಿದೇಬಿಟ್ಟ. ಅದನ್ನಿಟ್ಟುಕೊಂಡು ಮಾತಾಡಿದರೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು, ನನಗೊಬ್ಬನಿಗೆ. ಈಗ ಅದರಲ್ಲಿ ಬಚ್ಚಲಿನ ನೀರು ಕಾಯಿಸುತ್ತೇನೆ.

ಊರಿನಲ್ಲಿ ಸುದ್ದಿ ಹಬ್ಬಿತು. ಸೀತಾಪತಿಯವರು ಅಂಗಡಿಯ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು. “ಹೋಂಬರ್ಗಂತೆ! ಯಾವ ಕಾಲದಲ್ಲಿದ್ದೀರಿ ರಾಯರೇ? ಈಗ ಅಂಥದ್ದನ್ನ ಹಾಕೋರು ಫೋಟೋದಲ್ಲಿ ಮಾತ್ರ. ಅವರ ಮೇಲೆ ಹಾರ ಇರತ್ತೆ.” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗುವಾಗ ಅವರ ಟೋಪಿಗಳು ಅಲ್ಲಾಡಲೂ ಇಲ್ಲ. ಮೂರು ಅಳತೆಯೊಳಗೆ ಹುಟ್ಟಿದ ಪುಣ್ಯವಂತರು.

ಕಡೆಗೆ ದಾರಿ ತೋರಿಸಿದವರು ಮಂದಾಕಿನಿಯೇ. ಸ್ಟಾಂಪು ಹರಿಯುತ್ತ, ನನ್ನ ಕಡೆ ನೋಡದೆ, ಯಾರಿಗೋ ಹೇಳುವಂತೆ ಹೇಳಿದರು. “ಹೊಳೆಯಾಚೆ ಬಾಳವ್ವ ಅಂತ ಒಬ್ಬರಿದ್ದಾರೆ. ಮೊದಲು ಅವರಿಗೆ ಉಣ್ಣೆಯ ಪಾರ್ಸೆಲ್ ಬರೋದು. ನಮ್ಮಣ್ಣ ಅಂಗಡಿ ಹಾಕಿದ ಮೇಲೆ ನಿಂತುಹೋಯ್ತು. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಮುಂದಿನವರು ಬನ್ನಿ.”

ಬಾಳವ್ವ ಬದುಕಿದ್ದರು. ಹೊಳೆಯಾಚೆ ಒಂದು ಕರಿಕಲ್ಲಿನ ಮನೆಯ ಪಡಸಾಲೆಯಲ್ಲಿ, ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಬರಿದಲೆಯಲ್ಲಿ, ಕಾಲು ಚಾಚಿ ಕೂತಿದ್ದರು. ಹೆಗಲ ಮೇಲೆ ಒಂದು ಟವೆಲ್ಲು. ಮಾತಾಡಬೇಕೆನಿಸಿದಾಗ ಅದನ್ನು ತಲೆಗೆ ಎಳೆದುಕೊಳ್ಳುವುದು, ಆಡಿ ಮುಗಿದ ಕೂಡಲೇ ಹೆಗಲಿಗೆ ಇಳಿಸುವುದು. ಊರಿಗೆ ಮೂವತ್ತು ವರ್ಷ ಟೋಪಿ ಮಾಡಿಕೊಟ್ಟ ಹೆಂಗಸು ತನಗೊಂದು ಟೋಪಿ ಇಟ್ಟುಕೊಂಡಿರಲಿಲ್ಲ.

ನಾನೂ ಪಂಚೆಯ ತುದಿಯನ್ನು ತಲೆಗೆ ಸುತ್ತಿಕೊಂಡು ಬಂದ ಕಾರಣ ಹೇಳಿದೆ. ಟವೆಲ್ಲು ಮೇಲೇರಿತು.

“ಟೋಪಿ ಮಾಡೂದು ಬಿಟ್ಟೀನಿ. ಹೋಗು.”

“ಸೀತಾಪತಿಯವರ ಅಂಗಡಿಯಿಂದಾಗಿ ವ್ಯಾಪಾರ ಹೋಯ್ತು ಅಂತ ಕೇಳಿದೆ, ಅಮ್ಮ.”

“ಯಾವ ಸೀತಾಪತಿ? ಅಂವ ಯಾವ ಲೆಕ್ಕ?” ಎಂದರು ಬಾಳವ್ವ, ಬಹಳ ಅವಮಾನವಾದವರಂತೆ. “ನಾನಾಗೇ ಬಿಟ್ಟೀನಿ. ನಾ ಮಾಡಿದ ಟೋಪಿ ಹಾಕ್ಕೊಂಡು ಮಂದಿ ಏನೇನ್ ಮಾತಾಡ್ಯಾರ ಗೊತ್ತೈತೇನು ನಿನಗ? ಒಬ್ಬಾಂವ ಕೋರ್ಟಿನ್ಯಾಗ ಸುಳ್ಳ ಸಾಕ್ಷಿ ಹೇಳಿದ. ಇನ್ನೊಬ್ಬಾಂವ ಮುಂಜಾನಿಯಿಂದ ಹೊತ್ತು ಮುಳುಗೂತನಾ ಭಾಷಣಾ ಮಾಡಿದ. ಸುಳ್ಳ ಸಾಕ್ಷಿ ಹ್ಯಾಂಗೋ ತಡಕೊಂಡೆ.” ಟವೆಲ್ಲು ಇಳಿಯಿತು. ತುಟಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲಾಡಿತು. ಭಾಷಣಕಾರರ ತಾಯಿತಂದೆಯರ ವಿಷಯ ಇರಬೇಕು.

ನಾನು ಏಳಲಿಲ್ಲ. ಏಳದವನನ್ನು ನೋಡಿ ಅವರು ಎದ್ದು ಬಂದು ನನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಸಂತೆಯಲ್ಲಿ ಕಲ್ಲಂಗಡಿ ನೋಡುವಂತೆ ಆಚೀಚೆ ತಿರುಗಿಸಿದರು.

“ಈ ತಲಿ ನಾ ಒಮ್ಮೆ ಮಾಡೀನಿ. ಬೂದಿ ಬಣ್ಣದ್ದು. ಭಾಷಣಾ ಮಾಡಿದಾಂವ ಇಂವನ.”

“ನಮ್ಮಪ್ಪ” ಎಂದೆ.

“ಹಂಗಾದ್ರ ನಿನಗಂತೂ ಸಾಧ್ಯನ ಇಲ್ಲ.”

ನಾನು ಯಾರಿಗೂ ಭಾಷಣ ಮಾಡುವವನಲ್ಲ, ಒಬ್ಬರಿಗೆ ಒಂದು ಮಾತು ಹೇಳುವುದಿದೆ, ಅಷ್ಟು ಹೇಳಿಯಾದ ಮೇಲೆ ಬೇಕಿದ್ದರೆ ಟೋಪಿ ವಾಪಸು ತಂದುಕೊಡುತ್ತೇನೆ ಎಂದು ಬೇಡಿಕೊಂಡೆ. ಬಾಳವ್ವ ಮತ್ತೆ ಗೋಡೆಗೊರಗಿ ಕೂತರು. “ಏನ್ ಹೇಳಾಂವ ಅದಿ? ಹೇಳು, ಕೇಳೂಣು. ಕೇಳೂ ಹಂಗಿದ್ರ ಮುಂದಿಂದು.”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ಸಿದ್ಧವಾಗಿಯೇ ಇತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. “ಮಂದಾಕಿನಿಯವರೇ, ಜೀವನವೆಂಬ ಈ ಮಹಾಸಾಗರದಲ್ಲಿ ದಿಕ್ಕು ತಪ್ಪಿ ತೊಳಲುತ್ತಿರುವ ನನ್ನ ನೌಕೆಗೆ ತಾವು ದೀಪಸ್ತಂಭವಾಗಿ...” ಬಾಳವ್ವ ಕೈಯೆತ್ತಿದರು. ಟವೆಲ್ಲು ಹೆಗಲ ಮೇಲೇ ಇತ್ತು. ಬರಿದಲೆಯಲ್ಲಿ ಅವರು ಬಹಳ ಹೊತ್ತು ಮಾತಾಡಿದರು. ಒಂದಕ್ಷರ ಕೇಳಿಸದಿದ್ದರೂ ಅದು ಆಶೀರ್ವಾದವಲ್ಲ ಎಂದು ತಿಳಿಯಿತು. ಆಮೇಲೆ ಟವೆಲ್ಲು ಏರಿಸಿ, “ಆಕೀನ್ನ ಮದಿವಿ ಆಗಾಂವ ಅದೀಯೋ, ಹಡಗದಾಗ ಕೆಲಸಕ್ಕ ಇಟಗೊಳ್ಳಾಂವ ಅದೀಯೋ?” ಎಂದು ಕೇಳಿದರು.

ಮುಂದಿನ ವಾರ ಬೇರೆ ಮಾತು ಕಟ್ಟಿಕೊಂಡು ಹೋದೆ. ಸಾಗರವನ್ನು ಬತ್ತಿಸಿ, ನನ್ನ ಕತ್ತಲೆಯ ಮನೆಗೆ ಅವರು ಬೆಳಕಾಗಬೇಕು ಎಂದಿಟ್ಟೆ. “ಬೆಳಕ ಬೇಕಾದ್ರ ಲಾಟೀನ ತಗೋ” ಎಂದರು ಬಾಳವ್ವ. ಅದರ ಮುಂದಿನ ವಾರ ಊಟ, ತಿಂಡಿ, ಮುಪ್ಪಿಗೆ ಆಸರೆ ಎಲ್ಲ ಸೇರಿಸಿ ವ್ಯಾವಹಾರಿಕವಾಗಿ ಹೇಳಿದೆ. ಅದನ್ನು ಪೂರ್ತಿ ಕೇಳಿ, “ಇದು ಅಡಿಗಿ ಮಾಡಾಕಿ ಬೇಕಾಗ್ಯಾಳ ಅನ್ನೂ ಜಾಹಿರಾತು. ಬೋರ್ಡಿನ ಮ್ಯಾಲ ಬರಿ” ಎಂದು ಎದ್ದು ಒಳಗೆ ಹೋದರು.

ನನಗೆ ಅಳು ಬರುವಂತಾಯಿತು. ಟೋಪಿ ಮಾಡಿಸಲು ಬಂದು ಕವಿತೆಯ ಪರೀಕ್ಷೆಯಲ್ಲಿ ನಪಾಸಾಗುವುದು ಯಾವ ನ್ಯಾಯ? ಪಂಚೆಯ ತುದಿ ತಲೆಯ ಮೇಲಿರುವುದನ್ನೂ ಮರೆತು, ಖಾಲಿ ಪಡಸಾಲೆಯಲ್ಲಿ ಗೋಡೆಗೆ ಹೇಳುವಂತೆ ಹೇಳಿದೆ. “ನನಗೆ ಹೇಳೋಕೆ ಬರಲ್ಲ. ನಾನು ಮಾತು ಮುಗಿಸೋ ತನಕ ಕಾಯೋರು ಈ ಊರಲ್ಲಿ ಅವರೊಬ್ಬರೇ. ಅವರ ಜತೆ ಇರಬೇಕು ಅಂತ ಆಸೆ. ಅವರಿಗೂ ಇದ್ರೆ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಳವ್ವ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿದರು. ಆಮೇಲೆ ಮೂಲೆಯ ಟ್ರಂಕನ್ನು ಎಳೆದು, ಒಣಗಿದ ಬೇವಿನ ಸೊಪ್ಪಿನ ನಡುವಿನಿಂದ ಒಂದು ಬೂದು ಉಣ್ಣೆಯ ಹಾಳೆಯನ್ನು ತೆಗೆದರು. ಕಂಬಳಿಗಿಂತ ದಪ್ಪ, ಬೆಕ್ಕಿನ ಬೆನ್ನಿನಷ್ಟು ನುಣುಪು. “ಇದೊಂದ ಉಳದೈತಿ” ಎಂದರು. “ಕೂಡು.”

ಕೂತೆ. ಹೀಗೆ ಕೂರುವುದರ ಅರ್ಥ ಆಗ ನನಗೆ ಗೊತ್ತಿರಲಿಲ್ಲ. ಟೋಪಿಗೆ ಆಕಾರ ಕೊಡಲು ತಲೆಯಷ್ಟೇ ದೊಡ್ಡದಾದ ಮರದ ಅಚ್ಚು ಬೇಕಂತೆ. ಅಪ್ಪನ ತಲೆಯ ಅಚ್ಚನ್ನು, ಆ ಭಾಷಣ ಕೇಳಿ ಬಂದ ದಿನವೇ, ಬಾಳವ್ವ ಒಲೆಗೆ ಹಾಕಿ ಸ್ನಾನ ಮಾಡಿದ್ದರು. ಬೇರೆ ಅಚ್ಚು ಕಡೆಯುವಷ್ಟು ದಪ್ಪದ ಮರ ಸಿಗಲಿಲ್ಲ. ಆದ್ದರಿಂದ ನನ್ನ ತಲೆಯೇ ಅಚ್ಚಾಯಿತು. ಹಂಡೆಯ ಹಬೆಯಲ್ಲಿ ಮೆತ್ತಗಾದ ಉಣ್ಣೆಯನ್ನು ಬಿಸಿಬಿಸಿಯಾಗಿ ತಂದು ನೆತ್ತಿಯ ಮೇಲೆ ಎಳೆದು, ಹುರಿಯಿಂದ ಬಿಗಿದು, ಅಂಗೈಯಿಂದ ಒತ್ತಿದರು. ನಾನು ಚೀರಿದೆ. “ಕಡಬಿಗೂ ಇಷ್ಟ ಕಷ್ಟ ಐತಿ. ಅದು ಚೀರೂದಿಲ್ಲ” ಎಂದರು. ಒಣಗುವ ತನಕ ಬಿಸಿಲಿನಲ್ಲಿ ಅಲ್ಲಾಡದೆ ಕೂರಬೇಕು, ಒಣಗಿದ ಮೇಲೆ ಮತ್ತೆ ಹಬೆ, ಮತ್ತೆ ಬಿಸಿಲು. ಹೊಳೆಗೆ ನೀರಿಗೆ ಬರುವವರೆಲ್ಲ ನನ್ನನ್ನು ನೋಡಿಕೊಂಡು ಹೋಗುತ್ತಿದ್ದರು. ಗುಳಿ ಮಾಡುವಾಗ ಬಾಳವ್ವ ತಮ್ಮ ಅಂಗೈಯ ಅಂಚಿನಿಂದ ನೆತ್ತಿಯ ಮೇಲೆ ಒಂದೇ ಏಟು ಕೊಟ್ಟರು. ಅಪ್ಪನ ಲೆಕ್ಕವೂ ಅದರಲ್ಲಿ ಸೇರಿತ್ತು ಎಂದು ನನ್ನ ಅನುಮಾನ.

ಆದರೆ ಟೋಪಿ ಮುಗಿದು, ಪಟ್ಟಿ ಸುತ್ತಿ, ಅಂಚು ಸುರುಳಿಯಾಗಿ, ಅದನ್ನು ಇಟ್ಟುಕೊಂಡು ಅಂಗಳಕ್ಕಿಳಿದು “ತ್ರಿವಿಕ್ರಮರಾವ್” ಎಂದಾಗ, ಮರದ ಮೇಲಿನ ಹಕ್ಕಿ ಹಾರಿಹೋಯಿತು. ಮತ್ತೊಮ್ಮೆ ಹೇಳಿದೆ. ತಲೆ ಅಲ್ಲಾಡಿಸಿದೆ, ಬಗ್ಗಿದೆ, ಓಡಿದೆ. ಟೋಪಿ ಜಗ್ಗಲಿಲ್ಲ. ಬಾಳವ್ವ ಪಡಸಾಲೆಯಿಂದಲೇ ಕೂಗಿದರು. “ಆಕೀಗಿ ಹೇಳೂದು ಬಿಟ್ಟು ನಿನ್ನ ಹೆಸರ ಕೂಗಕೋತ ನಿಂತೀಯಲ್ಲೋ. ಅಪ್ಪನ ಮಗನ!”

ಸಂತೆಯ ದಿನ ನೋಡಿಕೊಂಡು ಹೋದೆ. ಪೂರ್ತಿ ಊರಿನ ಎದುರು ಹೇಳಿದರೇ ಅದು ಹೊರಗಿನ ಮಾತು. ಅಂಚೆ ಕಚೇರಿಯ ಮುಂದೆ ತರಕಾರಿಯವರು, ಬಳೆಯವರು, ಒಬ್ಬ ಕಾನ್‌ಸ್ಟೇಬಲ್, ಎಲ್ಲ ಸೇರಿದ್ದರು. ನನ್ನ ತಲೆಯನ್ನು ಕಂಡು ಸದ್ದು ಅಡಗಿತು. ಮಂದಾಕಿನಿ ಮೆಟ್ಟಿಲ ಮೇಲೆ ಬಂದು ನಿಂತರು. ಅವರ ತಲೆಯ ಮೇಲೆ ಅಣ್ಣನ ಭಂಡಾರದ ಕಂದು ಟೋಪಿ, ಚಿಕ್ಕ ಅಳತೆಯದು. ನಾನೂ ಮೆಟ್ಟಿಲು ಹತ್ತಿ ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತೆ. ಕೈಗಳನ್ನು ಕೆಳಗಿಟ್ಟೆ.

“ಮಂದಾಕಿನಿಯವರೇ, ನಾನು ಮಾತು ಮುಗಿಸೋ ತನಕ ಕಾಯೋರು ಈ ಊರಲ್ಲಿ ನೀವೊಬ್ಬರೇ. ನಿಮ್ಮ ಜತೆ ಇರಬೇಕು ಅಂತ ನನಗೆ ಆಸೆ. ನಿಮಗೂ ಇದ್ರೆ, ಮದುವೆ ಆಗೋಣ.”

ಸಂತೆಯವರೆಲ್ಲ ನನ್ನ ಮಾತಿಗಿಂತ ಟೋಪಿಯನ್ನೇ ನೋಡುತ್ತಿದ್ದರು. ಅದು ಬೀಳಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು, ನನಗಲ್ಲ, ಟೋಪಿಗೆ. ಮಂದಾಕಿನಿಯ ಮುಖ ಕೆಂಪಾಯಿತು. ಅವರು ಬಾಯಿ ತೆರೆದರು. ಅದೇ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ಅವರ ತಲೆಯ ಮೇಲಿನ ಟೋಪಿಯನ್ನು ಮೆಲ್ಲಗೆ, ಹೂವು ತೆಗೆಯುವಂತೆ ಎತ್ತಿತು. ಸೀತಾಪತಿ. ಸುದ್ದಿ ಅವರಿಗೆ ನನಗಿಂತ ಮೊದಲೇ ತಲುಪಿತ್ತು.

ಬೇರೆಯವರ ಟೋಪಿ ಮುಟ್ಟಿದರೆ ನಮ್ಮೂರಿನಲ್ಲಿ ಜೈಲು. ಮನೆಯವರು ತೆಗೆದರೆ ಮಾತ್ರ ಅದಕ್ಕೆ ಕಾಳಜಿ ಎಂದು ಹೆಸರು. ಕಾನ್‌ಸ್ಟೇಬಲ್ ಸೌಜನ್ಯದಿಂದ ಬೇರೆ ಕಡೆ ನೋಡಿದ.

“ಪಾಪ, ಮಂದಾ ಗಾಬರಿಯಾಗಿದಾಳೆ” ಎಂದರು ಸೀತಾಪತಿ ನಗುತ್ತ. “ನಾಲ್ಕು ಜನದ ಎದುರು ಏನೋ ಒಂದು ಅಂದುಬಿಟ್ರೆ ಕಷ್ಟ ನೋಡಿ. ಮನೆಗೆ ಹೋಗಿ ಯೋಚನೆ ಮಾಡಿ ಅವಳ ಉತ್ತರ ಏನು ಅಂತ ನಾನೇ ತಿಳಿಸ್ತೀನಿ, ರಾಯರೇ. ಟೋಪಿ ಚೆನ್ನಾಗಿದೆ.”

ಮಂದಾಕಿನಿಯ ತುಟಿಗಳು ಅಲ್ಲಾಡುತ್ತಿದ್ದವು.

ನಾನು ಆ ತುಟಿಗಳನ್ನೇ ನೋಡಿದೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ‘ಹೌದು’ ಎಂದೋ, ‘ಹೋಗು’ ಎಂದೋ? ಬರಿದಲೆಯವರ ಬಾಯಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಅಲ್ಲಿ ಅವರನ್ನು ಹಾಗೆ ಬಿಟ್ಟು ಬಂದರೆ ಸಂಜೆಯೊಳಗೆ ಸೀತಾಪತಿಯವರು ತಮಗೆ ಬೇಕಾದ ಉತ್ತರ ಕಳಿಸುತ್ತಾರೆ. ನನ್ನ ಬದುಕಿನಲ್ಲಿ ಮೊದಲ ಸಲ ಒಂದು ಟೋಪಿ ನನ್ನ ತಲೆಯ ಮೇಲೆ ಗಟ್ಟಿಯಾಗಿ ಕೂತಿತ್ತು. ಅದನ್ನಿಟ್ಟುಕೊಂಡು ಸೀತಾಪತಿಯವರಿಗೆ ಹೇಳಬಹುದಾದ ಎಷ್ಟೋ ಮಾತುಗಳು, ಎಲ್ಲವೂ ಪೂರ್ತಿ ವಾಕ್ಯಗಳು, ನಾಲಿಗೆಯ ತುದಿಯಲ್ಲಿದ್ದವು. ನನ್ನ ಮಾತನ್ನು ಎಲ್ಲರೂ ಕೇಳುತ್ತಿದ್ದರು. ಮಂದಾಕಿನಿಯದನ್ನು ಯಾರು ಕೇಳುತ್ತಿದ್ದರು?

ಎರಡು ಮೆಟ್ಟಿಲು ಹತ್ತಿ, ಹೋಂಬರ್ಗನ್ನು ತೆಗೆದು ಅವರ ತಲೆಯ ಮೇಲಿಟ್ಟೆ. ನಾನು ಮೂಗನಾದೆ. ಇನ್ನು ಅವರು ‘ಹೋಗು’ ಎಂದರೂ ಪೂರ್ತಿ ಸಂತೆಗೆ ಕೇಳಿಸುತ್ತದೆ, ಅದಕ್ಕೆ ಎದುರು ಮಾತಾಡಲು ನನ್ನ ಬಳಿ ಏನೂ ಇಲ್ಲ.

ಟೋಪಿ ಅವರ ಹಣೆ ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ಕೂತಿತು. ಕಾಣುತ್ತಿದ್ದುದು ಬಾಯಿ, ಗದ್ದ ಮಾತ್ರ. ಸೀತಾಪತಿಯವರ ಕೈ ಮುಂದೆ ಬಂತು. ಆದರೆ ಅದು ಈಗ ಅವರ ಮನೆಯ ಟೋಪಿಯಲ್ಲ, ನನ್ನದು. ಕಾನ್‌ಸ್ಟೇಬಲ್ ಕೆಮ್ಮಿದ. ಕೈ ಹಿಂದಕ್ಕೆ ಹೋಯಿತು.

“ಅಣ್ಣಾ” ಎಂದಿತು ಟೋಪಿಯೊಳಗಿನ ಧ್ವನಿ. ಅಷ್ಟು ದೊಡ್ಡ ಧ್ವನಿ ಅವರದೆಂದು ಅವರಿಗೇ ಗೊತ್ತಿರಲಿಲ್ಲವೆನಿಸುತ್ತದೆ. “ನಾನು ಮನೆಗೆ ಬಂದಾಗಿನಿಂದ ನನಗೆ ಟೋಪಿ ಕೊಡೋನು ನೀನೇ, ತೆಗೆಯೋನೂ ನೀನೇ. ಆಫೀಸಿಗೆ ಹೋಗುವಾಗ ಕೊಡ್ತೀಯ, ಬಂದ ಕೂಡಲೇ ಇಸ್ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕ್ತೀಯ. ಯಾಕಣ್ಣ ಅಂದ್ರೆ, ಧೂಳಾಗತ್ತೆ ಮಂದಾ ಅಂತೀಯ. ನಾನು ಸಂಜೆ ಮೇಲೆ ಬೀದಿಯಲ್ಲಿ ಯಾರ ಹತ್ರನೂ ಮಾತಾಡಿ ಎಷ್ಟು ವರ್ಷ ಆಯ್ತು ಗೊತ್ತಾ ನಿನಗೆ? ನೆಂಟರು ಬಂದಾಗ ಕೇಳಿದ್ದಕ್ಕೆಲ್ಲ, ನಾನು ಸೆರಗು ತಲೆಗೆ ಎಳ್ಕೊಳ್ಳೋದರೊಳಗೆ, ನನ್ನ ಪರವಾಗಿ ನೀನೇ ಉತ್ತರ ಹೇಳ್ತೀಯ. ಮಂದಾಗೆ ಸಿಹಿ ಇಷ್ಟ ಇಲ್ಲ ಅಂತೀಯ. ನನಗೆ ಸಿಹಿ ಇಷ್ಟ, ಅಣ್ಣ. ಬಹಳ ಇಷ್ಟ. ನೀನು ಒಂದು ಸಲನಾದ್ರೂ ಕೇಳಿದ್ದಿದ್ರೆ!”

ಸೀತಾಪತಿ ಏನೋ ಹೇಳಲು ಹೋದರು. “ಇರು. ನನ್ನ ಮಾತು ಇನ್ನೂ ಮುಗಿದಿಲ್ಲ” ಎಂದರು ಮಂದಾಕಿನಿ. ಅವರು ಇದ್ದರು. ತಂಗಿಯ ಕಂದು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರ ಅಂಚನ್ನು ತಿರುಗಿಸುತ್ತ, ಅಂಗಡಿಯಲ್ಲಿ ಸರಕು ವಾಪಸು ತಂದ ಗಿರಾಕಿಯ ಹಾಗೆ ನಿಂತಿದ್ದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನಗೆ ಅದನ್ನು ನೋಡುವ ಇಷ್ಟವಿರಲಿಲ್ಲ. ಖಳನಾದವನು ಕೊನೆಯ ತನಕ ಖಳನಾಗಿಯೇ ಇದ್ದರೆ ನೋಡುವವರಿಗೆ ಎಷ್ಟೋ ಅನುಕೂಲ.

ಮಂದಾಕಿನಿ ಈಗ ನನ್ನ ಕಡೆ ತಿರುಗಿದರು. ತಿರುಗಿದೆ ಎಂದುಕೊಂಡರು, ತಿರುಗಿದ್ದು ಅಂಚೆ ಡಬ್ಬಿಯ ಕಡೆ. ಆ ಕೆಂಪು ಡಬ್ಬಿಗೆ ಬಹಳ ಗಂಭೀರವಾಗಿ ಕೇಳಿದರು. “ರಾಯರೇ, ಎಲ್ಲಿದ್ದೀರಿ? ನನಗೇನೂ ಕಾಣಿಸ್ತಿಲ್ಲ. ನನ್ನ ಕೈ ಹಿಡೀರಿ.”

ನಾನು ನಿಂತಲ್ಲೇ ನಿಂತೆ. ಕೈ ಹಿಡೀರಿ ಎಂದರೆ ಏನು? ಮೆಟ್ಟಿಲಿಳಿಸುವುದಕ್ಕೋ? ನಾನು ಕೇಳಿದ್ದಕ್ಕೋ? ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ. “ಯಾವ ಅರ್ಥದಲ್ಲಿ ಹೇಳ್ತಿದ್ದೀರಿ?” ಎಂದು ಕೇಳಿದೆ. ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಕೇಳಿದೆ. ತರಕಾರಿಯ ಹೆಂಗಸೊಬ್ಬಳು ನನ್ನ ತುಟಿಗಳನ್ನು ನೋಡಿ, “ಅಯ್ಯೋ, ಹಿಡ್ಕೊಳ್ಳಯ್ಯಾ, ಅದೇನು ಯೋಚನೆ ಮಾಡ್ತಾ ನಿಂತೆ!” ಎಂದು ಕೂಗಿದಳು.

ಡಬ್ಬಿಯ ಕಡೆ ಚಾಚಿದ್ದ ಆ ಕೈಯನ್ನು ಹಿಡಿದುಕೊಂಡೆ. ಸ್ಟಾಂಪಿನ ಅಂಟಿನಿಂದ ಬೆರಳ ತುದಿಗಳು ಒರಟಾಗಿದ್ದವು, ಅಂಗೈ ಬೆವರಿತ್ತು. ಅವರು ಕಾಲಿನಿಂದ ತಡವುತ್ತ ಒಂದೊಂದೇ ಮೆಟ್ಟಿಲು ಇಳಿದರು, ನಾನು ಪಕ್ಕದಲ್ಲಿ ಬರಿದಲೆಯಲ್ಲಿ. ಜನ ದಾರಿ ಬಿಟ್ಟರು. ಕಡೆಯ ಮೆಟ್ಟಿಲೂ ಮುಗಿದು ಸಮನೆಲ ಬಂತು. ಇನ್ನು ಬೀಳುವ ಭಯವಿರಲಿಲ್ಲ. ಅವರು ಹೇಳಿದ್ದು ಬರೀ ಮೆಟ್ಟಿಲಿನ ವಿಷಯವಾಗಿದ್ದರೆ ಎಂದು ನಾನು ಮೆಲ್ಲಗೆ ಬೆರಳು ಸಡಿಲಿಸಿದೆ.

ಅವರ ಹಿಡಿತ ಬಿಗಿಯಾಯಿತು.

“ಬಿಡಿ ಅಂತ ಯಾರು ಹೇಳಿದ್ರು?” ಎಂದರು ಮಂದಾಕಿನಿ, ಪೂರ್ತಿ ಸಂತೆಗೆ ಕೇಳಿಸುವಂತೆ.